ಮೊದಲು ಖಿಡಕಿ ಮುಚ್ಚಬೇಕು: ತಂತಿ ಕಚೇರಿಯಿಂದ ಕ್ಯಾಮಲ್‌ವರೆಗೆ

ನಾನು ಅಕ್ಕಲಕೋಟೆ ಕಡೆಯವನು. ಓದು ಇತಿಹಾಸದ್ದು, ಹೊಟ್ಟೆಪಾಡು ಸೊಲ್ಲಾಪುರದಲ್ಲಿ ಕಂಪ್ಯೂಟರಿನದು. ಎರಡು ವರ್ಷದ ಹಿಂದೆ ನನ್ನ ಕೈಯಿಂದಲೇ ಒಂದು ತಪ್ಪು ಆಯ್ತು. ಚಾದರ, ಟವೆಲ್ ಆರ್ಡರ್‌ಗಳನ್ನು ತಗೊಂಡು ಗೋದಾಮು, ಲೆಕ್ಕ, ಸಾಗಣೆ ಅಂತ ಆಯಾ ಕಡೆ ಹಂಚುವ ಪುಟ್ಟ ಪ್ರೋಗ್ರಾಂ. ಅಪಾಚೆ ಕ್ಯಾಮಲ್ ಬಳಸಿ ಬರೆದದ್ದು, ಬೇರೆ ಸರ್ವರಿನ ಆಸರೆ ಇಲ್ಲದೆ ತಾನೇ ನಡೆಯುವಂಥದ್ದು. ಒಂದು ರಾತ್ರಿ ಹೊಸ ಆವೃತ್ತಿ ಹಾಕುವ ಅವಸರದಲ್ಲಿ ಹಳೆಯದಕ್ಕೆ ‘ಕಿಲ್ ಮೈನಸ್ ನೈನ್’ ಕೊಟ್ಟೆ. ದಾರಿಯಲ್ಲಿದ್ದ ಹನ್ನೊಂದು ಆರ್ಡರ್ ಎಲ್ಲಿಗೂ ಮುಟ್ಟಲಿಲ್ಲ. ಮನೆಯಲ್ಲಿ ಹೇಳಿದಾಗ ಅಜ್ಜ ಕೇಳಿದ್ದು ಇಷ್ಟೇ: “ಮೊದಲ ಖಿಡಕಿ ಮುಚ್ಚಬೇಕಿತ್ತಲ್ಲೋ ತಮ್ಮಾ?” ಅವರು ತಂತಿ ಕಚೇರಿಯಲ್ಲಿ ದುಡಿದವರು.

ಹಿನ್ನೆಲೆಯನ್ನು ಬೇಗ ಹೇಳಿಬಿಡ್ತೀನಿ. ನಮ್ಮಲ್ಲಿ ತಂತಿಯ ಪ್ರಯೋಗ ನಡೆದದ್ದು 1850ರಲ್ಲಿ, ಕಲ್ಕತ್ತಾ–ಡೈಮಂಡ್ ಹಾರ್ಬರ್ ನಡುವೆ. ಸೊಲ್ಲಾಪುರಕ್ಕೆ ರೈಲು 1860ರಲ್ಲಿ ಬಂತು; 1871ರಲ್ಲಿ ಆ ಹಳಿ ರಾಯಚೂರಿನಲ್ಲಿ ಮದ್ರಾಸ್ ರೈಲಿಗೆ ಕೂಡಿತು. ಹಳಿಯ ಜೊತೆಗೆ ತಂತಿಕಂಬಗಳೂ ನಡೆದವು. ಮುಂಬೈಗೂ ಮದ್ರಾಸಿಗೂ ನಡುವಿನ ಊರು ಅಂದಮೇಲೆ ಹಾದುಹೋಗುವ ಸುದ್ದಿಯೂ ಹೆಚ್ಚು.

ತಂತಿಯ ಇತಿಹಾಸ ಬರೆದವರು ದಾರಿಗಳ ಬಗ್ಗೆ, ವೇಗದ ಬಗ್ಗೆ ಬಹಳ ಬರೆದಿದ್ದಾರೆ. ಕಚೇರಿ ಮಲಗುವ ಬಗ್ಗೆ ಕಡಿಮೆ. ಸಣ್ಣ ಊರುಗಳಲ್ಲಿ ಅಂಚೆ–ತಂತಿ ಎರಡೂ ಒಂದೇ ಕಚೇರಿ, ಅದಕ್ಕೆ ಗೊತ್ತಾದ ವೇಳೆ. ಅದು ಮುಚ್ಚಿದ ಮೇಲೆ ಬಂದ ತಂತಿ ದೊಡ್ಡ ಕಚೇರಿಯಲ್ಲೇ ಕಾಯುತ್ತಿತ್ತು. ಕಾಯುತ್ತಿತ್ತು ಅಂದರೆ ಏನು? ಕಟ್ಟ ಕಡೆ ಶಬ್ದ ಕೇಳಿ ಕಾಗದದ ಮೇಲೆ ಬರೆದಾಗಿದೆ, ನಂಬರ್ ಹಾಕಿದೆ, ಪದ ಎಣಿಸಿದೆ. ಎಣಿಕೆ ಕೂಡದಿದ್ದರೆ ಹಿಂದಿನ ಕಚೇರಿಯನ್ನು ಮತ್ತೆ ಕೇಳಬೇಕು. ತಂತಿ ಹರಿದರೂ ಆ ಕಾಗದ ಮೇಜಿನ ಮೇಲೆ ಇರ್ತದೆ. ಸಾವಿನ ಸುದ್ದಿ ಒಂದು ದಿನ ತಡವಾಗಬಹುದು, ಅದೂ ಸಣ್ಣ ಮಾತಲ್ಲ. ಆದರೆ ಸುದ್ದಿಯೇ ಇಲ್ಲವಾಗುವುದು ಬೇರೆ.

ಇಡೀ ಸೇವೆ ಮುಚ್ಚಿದ ರೀತಿಯೂ ಹಾಗೇ ಇದೆ. 2013ರ ಜುಲೈ 14ರ ರಾತ್ರಿಗೆ ಬುಕಿಂಗ್ ಕೊನೆ. ಬಿಎಸ್‌ಎನ್‌ಎಲ್ ಸುತ್ತೋಲೆ ಮೊದಲು ನಿಲ್ಲಿಸಿದ್ದು ಹೊಸದಾಗಿ ತಗೊಳ್ಳುವುದನ್ನು. ಲಾಗ್ ಬುಕ್ಕು, ಬಟವಾಡೆ ಚೀಟಿಗಳನ್ನು ಬುಕಿಂಗ್ ದಿನದಿಂದ ಆರು ತಿಂಗಳು ಇಟ್ಟುಕೊಳ್ಳಬೇಕು ಅಂತಲೂ ಇತ್ತು. ಅಜ್ಜ ಹೇಳಿದ ಖಿಡಕಿ ಇದೇ.

ಕ್ಯಾಮಲ್ ಮೊದಲು ಹೊರಬಂದದ್ದು 2007ರಲ್ಲಿ. ಒಂಟಿಯಾಗಿ ನಡೆಯುವ ಪ್ರೋಗ್ರಾಮಿನಲ್ಲಿ ಮೇನ್ ಮೆಥಡ್ ಮುಗಿದರೆ ಅಂಗಡಿಯೇ ಮುಚ್ಚಿಹೋಗಬಹುದು. ಅದಕ್ಕೆ ಕ್ಯಾಮಲ್‌ನ ‘ಮೇನ್’ ಕ್ಲಾಸು ನಿಲ್ಲಿಸು ಅನ್ನೋವರೆಗೆ ಬಾಗಿಲು ಹಿಡಕೊಂಡು ಕೂತಿರ್ತದೆ. ಮರ್ಯಾದೆಯಿಂದ ನಿಲ್ಲು ಅಂದರೆ ಮೊದಲು ಹೊಸ ಸಂದೇಶ ತಗೊಳ್ಳುವುದನ್ನು ಬಿಡ್ತದೆ, ಒಳಗಿದ್ದವು ಮುಗಿಯಲಿ ಅಂತ ಕಾಯ್ತದೆ. ಈ ಗಡುವು ಹಿಂದೆ 300 ಸೆಕೆಂಡ್ ಇತ್ತು, ಈಗ 45. ಗಡುವು ಮುಗಿದರೆ ಬಲವಂತ. ನಾನು ಕೊಟ್ಟ ಕಿಲ್‌ನಲ್ಲಿ ಇದ್ಯಾವುದಕ್ಕೂ ಅವಕಾಶವೇ ಇಲ್ಲ.

ಆದರೂ ಕ್ರಮ ಒಂದೇ ಇದ್ದರೆ ಸಾಲದು ಅಂತ ನನ್ನ ವಾದ. ನನ್ನ ಹನ್ನೊಂದು ಆರ್ಡರ್ ಇದ್ದದ್ದು ಬರೀ ಮೆಮರಿಯಲ್ಲಿ, ಮೇಜಿನ ಮೇಲೆ ಕಾಗದ ಇರಲಿಲ್ಲ. ಕರೆಂಟ್ ಹೋಗಿದ್ದರೂ ಅದೇ ಗತಿ. ಆಮೇಲೆ ಬದಲಿಸಿದೆ: ಸಂದೇಶ ಮುಟ್ಟಿದ ಮೇಲೆಯೇ ಮೂಲ ಕ್ಯೂಗೆ ‘ಮುಟ್ಟಿತು’ ಅಂತ ಹೇಳುವುದು, ಅಲ್ಲಿವರೆಗೆ ಅದು ಅಲ್ಲೇ ಇರುವುದು. ಹೀಗೆ ಮಾಡಿದರೆ ಒಂದೇ ಆರ್ಡರ್ ಎರಡು ಸಲ ಹೋಗುವ ಭಯ ಇದೆ. ಅದಕ್ಕೆ ನಂಬರ್ ನೋಡಿ ಎರಡನೆಯದನ್ನು ಬಿಡಬೇಕು. ಅಜ್ಜನಿಗೆ ಇದನ್ನು ವಿವರಿಸಿದೆ. “ಫಾರಂ ಮೇಲೆ ನಂಬರ್ ಮತ್ತ್ಯಾಕ ಹಾಕ್ತಿದ್ವಿ?” ಅಂದರು.