ಜುಟ್ಟಿನ ಹಕ್ಕಳೆಯ ಹಿಂದಿನ ಕಥೆ

ದಕ್ಷಿಣ ಬೆಂಗಳೂರಿನ ಬಿಟಿಎಂ ಲೇಔಟ್ ಎಂದಾಗ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರನ್ನು ಒಟ್ಟಿಗೆ ಹೇಳಿದಂತಾಗುತ್ತದೆ. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾದಾಗ ಅದರ ಸುತ್ತ ಯಡಿಯೂರು, ಸಾರಕ್ಕಿ, ಕತ್ತರಿಗುಪ್ಪೆ, ಪುಟ್ಟೇನಹಳ್ಳಿಗಳು ಇನ್ನೂ ಹಳ್ಳಿಗಳೇ ಆಗಿದ್ದವು. ರಾಗಿ ಹೊಲ, ಕೆರೆ, ಮನೆ ಹಿಂದೆ ತಿಪ್ಪೆ, ತಿಪ್ಪೆ ಕೆದಕುವ ಹೇಂಟೆ, ಸಂಜೆಯಾದರೆ ಅದರ ಮೇಲೊಂದು ಮಂಕರಿ. ಸೈಟುಗಳಾದ ಮೇಲೆ ಹೊಲ ಹೋಯಿತು, ತಿಪ್ಪೆ ಹೋಯಿತು. ಕೋಳಿ ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ಹಳೇ ಊರಿನ ಓಣಿಗಳಲ್ಲಿ ಅದು ಉಳಿದುಕೊಂಡಿತು, ಈಗ ಜೆ.ಪಿ. ನಗರ, ಬನಶಂಕರಿಯ ತಾರಸಿಗಳಿಗೂ ಏರಿದೆ. ಮಕ್ಕಳು ಹಟ ಮಾಡಿ ತಂದ ಬಣ್ಣದ ಮರಿಗಳಲ್ಲಿ ಬದುಕಿ ಉಳಿದದ್ದು, ಮನೆಮೊಟ್ಟೆಗೆಂದು ಸಾಕಿದ ನಾಟಿ ಕೋಳಿ, ಹೆಸರಿಟ್ಟು ಕರೆದರೆ ಓಡಿಬರುವ ಮುದ್ದಿನ ಹುಂಜ, ಹೀಗೆ.

ಓಣಿಯ ಕೋಳಿಗೂ ತಾರಸಿಯ ಕೋಳಿಗೂ ಬರುವ ಕಾಯಿಲೆ ಒಂದಿದೆ. ಜುಟ್ಟು, ಗಲ್ಲದ ಜೋಲು, ಕಣ್ಣಿನ ರೆಪ್ಪೆ, ಕೊಕ್ಕಿನ ಬುಡ ಇಂಥ ಪುಕ್ಕವಿಲ್ಲದ ಜಾಗದಲ್ಲಿ ಮೊದಲು ಬಿಳಿಚಿದ ಸಣ್ಣ ಗುಳ್ಳೆ ಏಳುತ್ತದೆ. ಅದು ಹಳದಿಗೆ ತಿರುಗಿ, ದಪ್ಪವಾಗಿ, ಕೊನೆಗೆ ನರುಳ್ಳೆಯಂಥ ಕಂದು-ಕಪ್ಪು ಹಕ್ಕಳೆಯಾಗುತ್ತದೆ. ಇದು ಕೋಳಿ ಸಿಡುಬು. ಮೊದಲ ಸಲ ಕಂಡವರು ಇನ್ನೊಂದು ಕೋಳಿ ಕುಕ್ಕಿದ ಗಾಯವೆಂದುಕೊಳ್ಳುವುದು ಸಹಜ. ಆದರೆ ಕುಕ್ಕಿದ ಗಾಯದಲ್ಲಿ ಒಣಗಿದ ರಕ್ತವಿರುತ್ತದೆ, ಅದು ಉಬ್ಬಿಕೊಂಡಿರುವುದಿಲ್ಲ, ದಿನದಿಂದ ದಿನಕ್ಕೆ ಪಕ್ಕಕ್ಕೆ ಹಬ್ಬುವುದೂ ಇಲ್ಲ.

ಹಳೇ ಮೈಸೂರು ಸೀಮೆಯಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಅದಕ್ಕೆ ಕಾರಣ ಹುಡುಕುವ ಕೆಲಸವೇ ಇರಲಿಲ್ಲ. ‘ಅಮ್ಮ ಆಗಿದೆ’ ಎಂದರೆ ಮುಗಿಯಿತು. ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ರೋಗಿಯನ್ನು ಒಂದು ಕೋಣೆಗೆ ಸೇರಿಸಿ, ಮಾರಮ್ಮನಿಗೆ ಮೊಸರನ್ನದ ತಂಪು ಒಯ್ಯುತ್ತಿದ್ದರು. ಕೋಳಿಯ ಮುಖದ ಗುಳ್ಳೆಗೂ ಅದೇ ಬೇವು, ಅದೇ ಅರಿಶಿನ. ಅಮ್ಮನ ಹಬ್ಬದಲ್ಲಿ ಕತ್ತು ಕೊಡುತ್ತಿದ್ದದ್ದೂ ಕೋಳಿಯೇ ಎಂಬುದು ಬೇರೆ ಮಾತು. ಈ ಉಪಚಾರವನ್ನು ಮೌಢ್ಯವೆಂದು ತಳ್ಳಿಹಾಕುವ ಮೊದಲು ಒಂದು ವಿಷಯ ನೋಡಬೇಕು: ಇಂದಿಗೂ ಕೋಳಿ ಸಿಡುಬಿನ ವೈರಸ್ಸನ್ನು ಕೊಲ್ಲುವ ಔಷಧಿ ಬಳಕೆಯಲ್ಲಿಲ್ಲ. ರೋಗ ಬಂದ ಹಕ್ಕಿಯನ್ನು ಬೇರೆ ಇಡು, ಗಾಯಕ್ಕೆ ಕೀವು ಹಿಡಿಯದಂತೆ ನೋಡಿಕೊ, ಕಾಯಿ ಎಂದೇ ಪಶುವೈದ್ಯರೂ ಹೇಳುತ್ತಾರೆ. ಹಿಂದಿನವರಿಗೆ ಗೊತ್ತಿಲ್ಲದೆ ಉಳಿದದ್ದು ರೋಗ ಬರದಂತೆ ತಡೆಯುವ ದಾರಿ.

ಆ ದಾರಿ ಮೈಸೂರಿಗೆ ಮನುಷ್ಯರ ಸಿಡುಬಿನ ಮೂಲಕ ಬಂತು. ಎಡ್ವರ್ಡ್ ಜೆನ್ನರ್ ತನ್ನ ದನದ ಸಿಡುಬಿನ ಪ್ರಯೋಗಗಳನ್ನು ಪ್ರಕಟಿಸಿದ್ದು 1798ರಲ್ಲಿ. 1802ರಲ್ಲಿ ಲಸಿಕೆ ಮುಂಬಯಿಗೆ ತಲುಪಿತು. ಅದು ಮೈಸೂರಿಗೂ ಬಂದದ್ದರ ಸುಳಿವೆನ್ನುವಂತೆ, ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ವರ್ಣಚಿತ್ರವೊಂದಿದೆ. ಅವರಲ್ಲೊಬ್ಬಳು ಸೆರಗು ಸರಿಸಿ ತೋಳು ತೋರಿಸುವಂತೆ ನಿಂತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ವಾದವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಅದೇನೇ ಇರಲಿ, ಮುಂದಿನ ನೂರೆಪ್ಪತ್ತು ವರ್ಷಗಳಲ್ಲಿ ಊರೂರಿಗೆ ಲಸಿಕೆ ಚುಚ್ಚುವ ‘ದಾಕು ಹಾಕುವವರು’ ಬಂದರು, ಭಾರತದಲ್ಲಿ 1975ಕ್ಕೆ ಸಿಡುಬು ನಿಂತಿತು. ಕೋಳಿಯ ಸಿಡುಬು ನಿಲ್ಲಲಿಲ್ಲ. ಅದರ ವೈರಸ್ಸು ಮನುಷ್ಯರ ಸಿಡುಬಿನ ವೈರಸ್ಸಿಗೆ ದೂರದ ದಾಯಾದಿ, ಮನುಷ್ಯರಿಗೆ ಅಂಟುವುದಿಲ್ಲ. ಹಾಗಾಗಿಯೇ ಅದರ ಮೇಲೆ ಯಾರೂ ದಂಡೆತ್ತಿ ಹೋಗಲಿಲ್ಲ ಎನ್ನಬಹುದು.

ಆದರೆ ಪ್ರಯೋಗಾಲಯದವರಿಗೆ ಅದು ಮೊದಲಿನಿಂದಲೂ ಅಚ್ಚುಮೆಚ್ಚು. ಜರ್ಮನಿಯ ಒಟ್ಟೊ ಬೋಲಿಂಗರ್ 1873ರಲ್ಲಿ ರೋಗ ತಗಲಿದ ಕೋಳಿಚರ್ಮದ ಕೋಶಗಳಲ್ಲಿ ವಿಚಿತ್ರ ಉಂಡೆಗಳನ್ನು ಸೂಕ್ಷ್ಮದರ್ಶಕದಡಿ ಕಂಡ. ಅವಕ್ಕೆ ಇಂದಿಗೂ ಅವನದೇ ಹೆಸರು. ದೊಡ್ಡ ತಿರುವು ಬಂದದ್ದು 1931ರಲ್ಲಿ, ಅಮೆರಿಕದ ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ. ಆಲಿಸ್ ಮೈಲ್ಸ್ ವುಡ್ರಫ್ ಮತ್ತು ಅರ್ನೆಸ್ಟ್ ಗುಡ್‌ಪಾಸ್ಚರ್ ಕಾವು ಕೂತ ಮೊಟ್ಟೆಯ ಚಿಪ್ಪಿನಲ್ಲಿ ಚಿಕ್ಕ ಕಿಟಕಿ ಕೊರೆದು, ಒಳಪೊರೆಯ ಮೇಲೆ ಕೋಳಿ ಸಿಡುಬಿನ ವೈರಸ್ಸು ಬೆಳೆಸಿದರು. ವೈರಸ್ಸು ಬೆಳೆಯಲು ಜೀವಂತ ಕೋಶ ಬೇಕು. ಬೇರೆ ಸೋಂಕಿಲ್ಲದ, ಅಗ್ಗದ ಕೋಶ ಮೊಟ್ಟೆಯೊಳಗೇ ಸಿಕ್ಕಿತು. ಆ ಮೇಲೆ ಫ್ಲೂ ಲಸಿಕೆ, ಹಳದಿ ಜ್ವರದ ಲಸಿಕೆಗಳು ಮೊಟ್ಟೆಯಲ್ಲೇ ತಯಾರಾದವು. ಮನುಷ್ಯರ ಎಷ್ಟೋ ಲಸಿಕೆಗಳಿಗೆ ಹೀಗೆ ಒಂದು ಹೇಂಟೆಯ ಹುಣ್ಣು ದಾರಿ ತೋರಿಸಿತು.

ಬೆಂಗಳೂರಿನಲ್ಲಿ ಈ ಕಥೆಯ ಮುಂದಿನ ಭಾಗ ನಡೆದದ್ದು ಊರಿನ ಉತ್ತರಕ್ಕೆ, ಹೆಬ್ಬಾಳದಲ್ಲಿ. ಮೈಸೂರು ಸಂಸ್ಥಾನ 1920ರ ದಶಕದಲ್ಲಿ ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಲು ಅಲ್ಲೊಂದು ಸೀರಂ ಸಂಸ್ಥೆ ತೆರೆಯಿತು. ಅದೇ ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಉತ್ಪಾದನಾ ಸಂಸ್ಥೆ. ಕಾಲಕ್ರಮದಲ್ಲಿ ಅಲ್ಲಿ ಕೋಳಿಗಳ ಕೊಕ್ಕರೆ ರೋಗದ ಲಸಿಕೆ, ಕೋಳಿ ಸಿಡುಬಿನ ಲಸಿಕೆ ತಯಾರಾದವು. ಮಲೆನಾಡಿನ ಮಂಗನ ಕಾಯಿಲೆಗೆ ಹಲವು ವರ್ಷ ಕೊಟ್ಟ, ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿದ ಲಸಿಕೆಯೂ ಇದೇ ಅಂಗಳದಿಂದ ಹೋಗುತ್ತಿತ್ತು. 1958ರಲ್ಲಿ ಪಕ್ಕದಲ್ಲೇ ಪಶುವೈದ್ಯಕೀಯ ಕಾಲೇಜು ಬಂತು. 1980ರ ದಶಕದ ಕೊನೆಗೆ ಹೆಬ್ಬಾಳದ ಕುಕ್ಕುಟ ವಿಜ್ಞಾನಿಗಳು ಹಿತ್ತಲಲ್ಲಿ ಬದುಕಬಲ್ಲ ‘ಗಿರಿರಾಜ’ ತಳಿಯನ್ನು ಹೊರತಂದರು. ದಕ್ಷಿಣ ಬೆಂಗಳೂರಿನ ತಾರಸಿಗಳಲ್ಲಿ ದಪ್ಪಕಾಲಿನ ಗಿರಿರಾಜ ಕಂಡರೆ ಅದರ ಊರು ದೂರದ್ದೇನಲ್ಲ.

ಸಿಡುಬಿನ ಲಸಿಕೆ ಕೊಡುವ ಕ್ರಮ ಜೆನ್ನರನ ಕಾಲದ ದಾಕಿನಂತೆಯೇ ಇದೆ. ರೆಕ್ಕೆ ಬಿಡಿಸಿದರೆ ಕಾಣುವ ತೆಳು ಚರ್ಮವನ್ನು ಲಸಿಕೆಯಲ್ಲಿ ಅದ್ದಿದ ಎರಡು ಮೊನೆಯ ಸೂಜಿಯಿಂದ ಚುಚ್ಚುತ್ತಾರೆ. ವಾರ, ಹತ್ತು ದಿನ ಬಿಟ್ಟು ನೋಡಿದರೆ ಅಲ್ಲೊಂದು ಗಂಟು ಅಥವಾ ಹಕ್ಕಳೆ ಇರಬೇಕು. ಇಲ್ಲದಿದ್ದರೆ ಲಸಿಕೆ ಹಿಡಿದಿಲ್ಲವೆಂದು ಲೆಕ್ಕ.

ಊರು ಬೆಳೆದಂತೆ ಕೋಳಿಯ ಶತ್ರುವೂ ಬೆಳೆಯಿತು. ಈ ರೋಗವನ್ನು ಹಕ್ಕಿಯಿಂದ ಹಕ್ಕಿಗೆ ಮುಖ್ಯವಾಗಿ ಒಯ್ಯುವುದು ಸೊಳ್ಳೆ. ಕೆರೆಯಿಂದ ಕೆರೆಗೆ ಮಳೆನೀರು ಸಾಗಿಸುತ್ತಿದ್ದ ರಾಜಕಾಲುವೆಗಳಲ್ಲಿ ಕೊಳಚೆ ಹರಿಯತೊಡಗಿದ ಮೇಲೆ ಕ್ಯುಲೆಕ್ಸ್ ಸೊಳ್ಳೆಗೆ ಹಬ್ಬವೇ ಹಬ್ಬ. ಮೂರನೇ ಮಹಡಿಯ ತಾರಸಿಯಲ್ಲಿ ಒಂಟಿಯಾಗಿ ಬೆಳೆದ, ಬೇರೆ ಕೋಳಿಯ ಮುಖವನ್ನೇ ನೋಡದ ಹೇಂಟೆಗೂ ಸಿಡುಬು ಬರುವುದು ಹೀಗೆ. ಒಣಗಿ ಉದುರಿದ ಹಕ್ಕಳೆಯಲ್ಲೂ ವೈರಸ್ಸು ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಹಕ್ಕಳೆಯನ್ನು ಕಿತ್ತು ಎಸೆಯುವುದು ಎರಡು ಬಗೆಯಲ್ಲಿ ತಪ್ಪು: ಗಾಯಕ್ಕೆ ಬೇರೆ ಸೋಂಕು ಹಿಡಿಯುತ್ತದೆ, ಗೂಡು ತುಂಬ ವೈರಸ್ಸು ಹರಡುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಕಣ್ಣು ಒರೆಸಿ, ಹಕ್ಕಳೆಯ ಸುತ್ತ ಪೊವಿಡೋನ್ ಅಯೋಡಿನ್ ಹಚ್ಚಿ, ಮೆತ್ತಗಿನ ಮೇವು ಕೊಟ್ಟು, ಗೂಡಿಗೆ ಸೊಳ್ಳೆಪರದೆ ಕಟ್ಟಿದರೆ ಎರಡರಿಂದ ನಾಲ್ಕು ವಾರದಲ್ಲಿ ಹಕ್ಕಳೆ ತಾನಾಗಿ ಉದುರುತ್ತದೆ. ಕೀವಾದರೆ ಮಾತ್ರ ಆ್ಯಂಟಿಬಯೋಟಿಕ್, ಅದೂ ವೈದ್ಯರು ಬರೆದರೆ. ಬಾಯಿ, ಗಂಟಲಲ್ಲಿ ಹಳದಿ ಪೊರೆ ಕಟ್ಟಿ ಕೋಳಿ ಬಾಯ್ದೆರೆದು ಉಸಿರೆಳೆದರೆ ಮನೆಮದ್ದಿನ ಮಾತೇ ಬೇಡ. ಅದು ಇದೇ ರೋಗದ ಕೆಟ್ಟ ರೂಪ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಬೇರೆಯೇ ಕಾಯಿಲೆ, ಕೋಳಿಯ ಡಿಫ್ತೀರಿಯಾ, ಎಂದು ತಿಳಿದಿದ್ದರು.

ತಾರಸಿಯ ಬದುಕು ಹಳ್ಳಿಯ ಕೋಳಿಗೆ ಅಪರೂಪವಾಗಿದ್ದ ಇನ್ನೊಂದು ಹುಣ್ಣನ್ನೂ ತಂದಿದೆ. ಗಟ್ಟಿ ಸಿಮೆಂಟಿನ ಮೇಲೆ ಎತ್ತರದಿಂದ ಧುಮುಕಿ ಧುಮುಕಿ ಅಂಗಾಲು ಸೀಳುತ್ತದೆ, ಒಳಗೆ ಸ್ಟಾಫಿಲೊಕಾಕಸ್ ಸೇರಿ ಬಾವು ಬರುತ್ತದೆ, ಮಧ್ಯದಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತದೆ. ಕುಂಟುವ ಕೋಳಿಯ ಅಂಗಾಲು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ನೆಲಕ್ಕೆ ಭತ್ತದ ಹೊಟ್ಟು ಹರಡಿ, ಕೂರುವ ಕೋಲನ್ನು ತಗ್ಗಿಸುವುದು ಮೊದಲ ಚಿಕಿತ್ಸೆ. ಬಾವು ಹೆಚ್ಚಾದರೆ ಪಶುವೈದ್ಯರೇ ಕೊಯ್ದು ತೆಗೆಯಬೇಕು.

ಇಷ್ಟೆಲ್ಲ ಗೊತ್ತಿದ್ದೂ ಮನೆಯಲ್ಲಿ ಸಾಕಿದ ಕೋಳಿಗಳಿಗೆ ಸಿಡುಬಿನ ಲಸಿಕೆ ಬೀಳುವುದು ಕಡಿಮೆ. ಅದರ ಕಾರಣ ಸೀಸೆಯ ಅಳತೆಯಲ್ಲಿದೆ. ಲಸಿಕೆ ತಯಾರಾಗುವುದು ಫಾರಂಗಳ ಲೆಕ್ಕದಲ್ಲಿ, ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು. ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಫ್ರಿಜ್ಜಿನಲ್ಲಿಟ್ಟು ಮುಂದಿನ ವಾರ ಬಳಸುವಂತಿಲ್ಲ. ಮೂರು ಹೇಂಟೆ ಸಾಕಿದ ಬನಶಂಕರಿಯ ಮನೆಯವರು ಸೀಸೆ ತಂದರೆ ಮೂರು ಹನಿ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಅಕ್ಕಪಕ್ಕದ ಬೀದಿಗಳ ಕೋಳಿ ಸಾಕುವವರು ಒಂದು ದಿನ ಗೊತ್ತು ಮಾಡಿಕೊಂಡು, ಮಳೆಗಾಲಕ್ಕೆ ಮುಂಚೆ ಒಂದೇ ಸೀಸೆಯಲ್ಲಿ ಎಲ್ಲ ಕೋಳಿಗೂ ಚುಚ್ಚಿಸಿದರೆ ಖರ್ಚೂ ಉಳಿದೀತು, ಕೋಳಿಯೂ ಉಳಿದೀತು.