ಇಲಿಯ ಮೆದುಳುಕಾಂಡದಲ್ಲಿ ಸೆರಟೋನಿನ್ ನರಕೋಶಗಳ ಬೆಳವಣಿಗೆ

ಸೆರಟೋನಿನ್ ನರಕೋಶಗಳು ಎಂದರೆ ಸೆರಟೋನಿನ್ ಎಂಬ ನರವಾಹಕವನ್ನು ತಯಾರಿಸಿ ಬಿಡುಗಡೆ ಮಾಡುವ ನರಕೋಶಗಳು. ಸಸ್ತನಿಗಳಲ್ಲಿ ಇವು ಮೆದುಳುಕಾಂಡದ ನಡುಗೆರೆಯ ಉದ್ದಕ್ಕೂ ಗುಂಪುಗುಂಪಾಗಿ ನೆಲೆಸಿರುತ್ತವೆ. ಈ ಗುಂಪುಗಳಿಗೆ ರಾಫೆ ನ್ಯೂಕ್ಲಿಯಸ್‌ಗಳೆಂದು ಹೆಸರು. 'ರಾಫೆ' ಎಂದರೆ ಗ್ರೀಕ್ ಭಾಷೆಯಲ್ಲಿ ಹೊಲಿಗೆ. ಮೆದುಳುಕಾಂಡದ ಎಡಬಲಗಳು ಕೂಡುವ ಜಾಗವು ಹೊಲಿದಂತೆ ತೋರುವುದರಿಂದ ಈ ಹೆಸರು ಬಂದಿದೆ. ಇಲಿಯ ಮೆದುಳಿನಲ್ಲಿರುವ ಸುಮಾರು ಏಳು ಕೋಟಿ ನರಕೋಶಗಳ ಪೈಕಿ ಸೆರಟೋನಿನ್ ನರಕೋಶಗಳು ಕೇವಲ 26,000ದಷ್ಟು. ಹಾಗಿದ್ದರೂ ಇವುಗಳ ತಂತುಗಳು ಮೆದುಳು ಮತ್ತು ಬೆನ್ನುಹುರಿಯ ಬಹುಮಟ್ಟಿಗೆ ಎಲ್ಲ ಭಾಗಗಳನ್ನೂ ತಲುಪಿ ನಿದ್ರೆ, ಹಸಿವು, ಉಸಿರಾಟ, ದೇಹದ ಉಷ್ಣತೆ, ಭಯ, ಆಕ್ರಮಣಶೀಲತೆ ಮುಂತಾದವುಗಳ ಮೇಲೆ ಪ್ರಭಾವ ಬೀರುತ್ತವೆ.

ಪತ್ರಿಕೆಗಳಲ್ಲಿ ಸೆರಟೋನಿನ್ ಅನ್ನು 'ಸಂತಸದ ಹಾರ್ಮೋನು' ಎಂದು ಕರೆಯುವ ರೂಢಿಯಿದೆ. ಇದು ಸರಿಯಾದ ವರ್ಣನೆಯಲ್ಲ. ದೇಹದ ಸೆರಟೋನಿನ್‌ನಲ್ಲಿ ಶೇಕಡ 90ಕ್ಕಿಂತ ಹೆಚ್ಚು ಭಾಗ ಇರುವುದು ಕರುಳಿನಲ್ಲಿ. ಅದು ರಕ್ತದಿಂದ ಮೆದುಳಿನೊಳಕ್ಕೆ ದಾಟಲಾರದು. ಮೆದುಳಿಗೆ ಬೇಕಾದ ಸೆರಟೋನಿನ್ ಅನ್ನು ಮೆದುಳೇ ಮಾಡಿಕೊಳ್ಳಬೇಕು.

ಹಿನ್ನೆಲೆ

1948ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್ ಮತ್ತು ಅರ್ವಿನ್ ಪೇಜ್ ಅವರು ರಕ್ತನಾಳಗಳನ್ನು ಬಿಗಿಗೊಳಿಸುವ ಒಂದು ವಸ್ತುವನ್ನು ರಕ್ತದ ಸೀರಂನಿಂದ ಬೇರ್ಪಡಿಸಿ ಅದಕ್ಕೆ ಸೆರಟೋನಿನ್ ಎಂದು ಹೆಸರಿಟ್ಟರು. ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ ಅದಕ್ಕೂ ಮೊದಲೇ ಕರುಳಿನಲ್ಲಿ ಕಂಡು 'ಎಂಟರಮಿನ್' ಎಂದು ಕರೆದಿದ್ದುದು ಇದೇ ವಸ್ತು ಎಂಬುದು ಅನಂತರ ತಿಳಿಯಿತು. ಇದು ಮೆದುಳಿನಲ್ಲಿಯೂ ಇದೆಯೆಂದು 1953ರಲ್ಲಿ ಬೆಟ್ಟಿ ಟ್ವರಾಗ್ ಮತ್ತು ಪೇಜ್ ತೋರಿಸಿದರು. ಮೆದುಳಿನ ಯಾವ ಕೋಶಗಳಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು 1964ರಲ್ಲಿ. ಸ್ವೀಡನ್ನಿನ ಅನ್ನಿಕಾ ಡಾಲ್‌ಸ್ಟ್ರೋಮ್ ಮತ್ತು ಶೆಲ್ ಫುಕ್ಸೆ ಅವರು ಮೆದುಳಿನ ತೆಳುಹೋಳುಗಳನ್ನು ಫಾರ್ಮಾಲ್ಡಿಹೈಡ್ ಆವಿಗೆ ಒಡ್ಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸೆರಟೋನಿನ್ ಇರುವ ಕೋಶಗಳು ಹಳದಿಯಾಗಿ ಹೊಳೆದವು. ಅವರು ಈ ಗುಂಪುಗಳಿಗೆ ಬಿ1ರಿಂದ ಬಿ9ರವರೆಗೆ ನೀಡಿದ ಸಂಖ್ಯೆಗಳು ಇಂದಿಗೂ ಬಳಕೆಯಲ್ಲಿವೆ.

ಹುಟ್ಟುವ ಸ್ಥಳ

ಇಲಿಯ ಗರ್ಭಾವಧಿ 19ರಿಂದ 20 ದಿನ. ಸೆರಟೋನಿನ್ ನರಕೋಶಗಳು ಹುಟ್ಟುವುದು ಈ ಅವಧಿಯ ಹೆಚ್ಚುಕಡಿಮೆ ನಡುವಿನಲ್ಲಿ, ಹತ್ತರಿಂದ ಹನ್ನೆರಡನೆಯ ದಿನದ ಆಸುಪಾಸಿನಲ್ಲಿ. ಆಗ ಮೆದುಳು ಇನ್ನೂ ಒಂದು ನಾಳದ ರೂಪದಲ್ಲಿರುತ್ತದೆ. ಅದರ ಹಿಂಭಾಗವಾದ ಹಿಮ್ಮೆದುಳು ಒಂದರ ಹಿಂದೊಂದು ಜೋಡಿಸಿದ ಖಂಡಗಳಾಗಿ ವಿಂಗಡಣೆಗೊಂಡಿರುತ್ತದೆ. ಇವುಗಳಿಗೆ ರಾಂಬೊಮಿಯರ್ ಎಂದು ಹೆಸರು.

ಒಂದು ಎಳೆಯ ಕೋಶವು ತಾನು ಏನಾಗಬೇಕೆಂಬುದನ್ನು ತಿಳಿಯಲು ಎರಡು ವಿಷಯಗಳು ಅಗತ್ಯ: ನಾಳದಲ್ಲಿ ತಾನು ಎಷ್ಟು ಕೆಳಗಿದ್ದೇನೆ, ಎಷ್ಟು ಹಿಂದಿದ್ದೇನೆ. ಮೊದಲನೆಯದನ್ನು ತಿಳಿಸುವುದು ನಾಳದ ತಳದಿಂದ ಹರಡುವ ಸಾನಿಕ್ ಹೆಜ್‌ಹಾಗ್ ಎಂಬ ಪ್ರೋಟೀನು. (ಈ ವಿಚಿತ್ರ ಹೆಸರು ಒಂದು ವಿಡಿಯೊ ಆಟದ ಪಾತ್ರದಿಂದ ಬಂದುದು.) ಎರಡನೆಯದಕ್ಕೆ ಮಧ್ಯಮೆದುಳು ಮತ್ತು ಹಿಮ್ಮೆದುಳುಗಳ ಗಡಿಯಿಂದ ಹೊರಡುವ ಎಫ್‌ಜಿಎಫ್8 ಎಂಬ ಪ್ರೋಟೀನು ನೆರವಾಗುತ್ತದೆ. 1998ರಲ್ಲಿ ಪ್ರಕಟವಾದ ಪ್ರಯೋಗಗಳು ಇಲ್ಲಿನ ಒಂದು ಸ್ವಾರಸ್ಯವನ್ನು ಹೊರಗೆಡಹಿದವು. ಹೆಜ್‌ಹಾಗ್ ಮತ್ತು ಎಫ್‌ಜಿಎಫ್8 ಎರಡೇ ಸಿಕ್ಕರೆ ಕೋಶಗಳು ಡೋಪಮಿನ್ ನರಕೋಶಗಳಾಗುತ್ತವೆ. ಅದಕ್ಕೂ ಮೊದಲೇ ಎಫ್‌ಜಿಎಫ್4ರ ಸ್ಪರ್ಶವಾಗಿದ್ದರೆ ಸೆರಟೋನಿನ್ ನರಕೋಶಗಳಾಗುತ್ತವೆ. ಎರಡೂ ಬಗೆಯ ಕೋಶಗಳು ಒಂದೇ ಗಡಿಯ ಆಚೀಚೆ ಹುಟ್ಟುವ ನೆರೆಹೊರೆಯವು. ಗಡಿಯನ್ನು ಕೃತಕವಾಗಿ ಹಿಂದಕ್ಕೆ ಸರಿಸಿದರೆ ಡೋಪಮಿನ್ ಕೋಶಗಳು ಹೆಚ್ಚಿ ಸೆರಟೋನಿನ್ ಕೋಶಗಳು ಕಡಿಮೆಯಾಗುತ್ತವೆ. ಮುಂದಕ್ಕೆ ಸರಿಸಿದರೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ.

ಮೇಲ್ತುದಿಯ ಡಾರ್ಸಲ್ ರಾಫೆಯ ಕೋಶಗಳು ಮೊದಲನೆಯ ರಾಂಬೊಮಿಯರ್‌ನಿಂದ ಬರುತ್ತವೆ. ಮೀಡಿಯನ್ ರಾಫೆಗೆ ಮೊದಲ ಮೂರು ಖಂಡಗಳೂ ಕೋಶಗಳನ್ನು ನೀಡುತ್ತವೆ. ಐದನೆಯದರಿಂದ ಹಿಂದಿನವು ಮೆಡುಲ್ಲಾದ ರಾಫೆಯನ್ನು ಕಟ್ಟುತ್ತವೆ. ಮುಂದಿನ ಗುಂಪು ಮೊದಲು ಹುಟ್ಟಿ ಮುಮ್ಮೆದುಳಿನ ಕಡೆಗೆ ತಂತುಗಳನ್ನು ಚಾಚುತ್ತದೆ. ಹಿಂದಿನದು ತುಸು ತಡವಾಗಿ ಹುಟ್ಟಿ ಬಹುಪಾಲು ಬೆನ್ನುಹುರಿಯ ಕಡೆಗೆ ಇಳಿಯುತ್ತದೆ.

ನಾಲ್ಕನೆಯ ಖಂಡದ ವಿಶೇಷ

ನಾಲ್ಕನೆಯ ರಾಂಬೊಮಿಯರ್‌ನಲ್ಲಿ ಮಾತ್ರ ಸೆರಟೋನಿನ್ ನರಕೋಶಗಳು ಹುಟ್ಟುವುದಿಲ್ಲ. ಇದಕ್ಕೆ ಕಾರಣ ಕಾಲದ ಲೆಕ್ಕಾಚಾರದಲ್ಲಿದೆ. ಹಿಮ್ಮೆದುಳಿನ ಬಹುಪಾಲು ಖಂಡಗಳಲ್ಲಿ ಒಂದೇ ಜಾಗದ ಮೂಲಕೋಶಗಳು ಮೊದಲು ಚಾಲಕ ನರಕೋಶಗಳನ್ನು ಹೆತ್ತು, ಆಮೇಲೆ ಸೆರಟೋನಿನ್ ನರಕೋಶಗಳನ್ನು ಹೆರತೊಡಗುತ್ತವೆ. ಫಾಕ್ಸ್2ಬಿ ಎಂಬ ನಿಯಂತ್ರಕ ಪ್ರೋಟೀನು ಇರುವವರೆಗೆ ಚಾಲಕ ಕೋಶಗಳ ಸರದಿ. ಫಾಕ್ಸ್‌ಎ2 ಎಂಬುದು ಅದನ್ನು ಅಡಗಿಸಿದಾಗ ಸರದಿ ಬದಲಾಗುತ್ತದೆ. ಕನ್ನಡದಲ್ಲಿ ಬರೆದಾಗ ಇವೆರಡೂ ಒಂದೇ ಮನೆತನದವೆಂಬಂತೆ ಕಂಡರೂ ಬೇರೆ ಬೇರೆ ಕುಟುಂಬಕ್ಕೆ ಸೇರಿದ ಪ್ರೋಟೀನುಗಳಾಗಿವೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾಲ್ಕನೆಯ ಖಂಡದಲ್ಲಿ ಫಾಕ್ಸ್2ಬಿ ಅಡಗುವುದಿಲ್ಲ, ಹಾಕ್ಸ್‌ಬಿ1 ಎಂಬ ಜೀನು ಅದನ್ನು ಉಳಿಸುತ್ತದೆ. ಆದಕಾರಣ ಅಲ್ಲಿ ಮುಖದ ಸ್ನಾಯುಗಳನ್ನು ನಡೆಸುವ ಚಾಲಕ ಕೋಶಗಳೇ ಹುಟ್ಟುತ್ತಾ ಹೋಗುತ್ತವೆ. ಫಾಕ್ಸ್2ಬಿ ಇಲ್ಲದ ಇಲಿ ಭ್ರೂಣಗಳಲ್ಲಿ ನಾಲ್ಕನೆಯ ಖಂಡವೂ ಸೆರಟೋನಿನ್ ಕೋಶಗಳನ್ನು ಹೆರುತ್ತದೆ. ಉಳಿದ ಖಂಡಗಳಲ್ಲಿ ಅವು ಅವಧಿಗೆ ಮೊದಲೇ ಹುಟ್ಟಿಬಿಡುತ್ತವೆ.

ಜೀನುಗಳ ಸರಪಣಿ

ಮೂಲಕೋಶದ ಹಂತದಲ್ಲಿ ಎನ್‌ಕೆಎಕ್ಸ್2.2, ಫಾಕ್ಸ್‌ಎ2 ಮತ್ತು ಎಎಸ್‌ಸಿಎಲ್1 ಎಂಬ ಜೀನುಗಳು ಕೆಲಸ ಮಾಡುತ್ತವೆ. ಎನ್‌ಕೆಎಕ್ಸ್2.2 ಇಲ್ಲವಾದರೆ ಬಹುಪಾಲು ಸೆರಟೋನಿನ್ ಕೋಶಗಳು ಉಂಟಾಗುವುದಿಲ್ಲ, ಆದರೆ ಡಾರ್ಸಲ್ ರಾಫೆಯ ಒಂದು ಭಾಗ ಉಳಿಯುತ್ತದೆ. ಕೋಶವು ವಿಭಜನೆಯನ್ನು ನಿಲ್ಲಿಸಿದ ಮೇಲೆ ಗಾಟಾ2, ಗಾಟಾ3, ಎಲ್‌ಎಂಎಕ್ಸ್1ಬಿ ಮತ್ತು ಪೆಟ್-1 ಎಂಬ ನಿಯಂತ್ರಕಗಳು ತೊಡಗುತ್ತವೆ. ಗಾಟಾ2 ಮುಂದಿನ ಗುಂಪಿಗೆ, ಗಾಟಾ3 ಹಿಂದಿನ ಗುಂಪಿಗೆ ಹೆಚ್ಚು ಮುಖ್ಯ. ಎಲ್‌ಎಂಎಕ್ಸ್1ಬಿ ಇಲ್ಲದೆ ಹೋದರೆ ಎರಡೂ ಗುಂಪುಗಳು ನಷ್ಟವಾಗುತ್ತವೆ.

ಇವುಗಳ ದುಡಿಮೆಯ ಫಲವಾಗಿ ಕೋಶವು ತನ್ನ ಕಸುಬಿನ ಸಲಕರಣೆಗಳನ್ನು ಪಡೆಯುತ್ತದೆ. ಟಿಪಿಎಚ್2 ಎಂಬ ಕಿಣ್ವವು ಆಹಾರದಿಂದ ಬಂದ ಟ್ರಿಪ್ಟೊಫಾನ್ ಅನ್ನು ಸೆರಟೋನಿನ್‌ನ ಪೂರ್ವರೂಪಕ್ಕೆ ಬದಲಾಯಿಸುತ್ತದೆ. ಎಎಡಿಸಿ ಎಂಬ ಇನ್ನೊಂದು ಕಿಣ್ವ ಅದನ್ನು ಸೆರಟೋನಿನ್ ಆಗಿಸುತ್ತದೆ. ವಿಮ್ಯಾಟ್2 ಅದನ್ನು ಚಿಕ್ಕ ಚೀಲಗಳಲ್ಲಿ ತುಂಬುತ್ತದೆ. ಹೊರಗೆ ಸುರಿದುದನ್ನು ಮರಳಿ ಒಳಕ್ಕೆ ಎಳೆದುಕೊಳ್ಳುವುದು ಸರ್ಟ್ ಎಂಬ ಸಾಗಣೆ ಪ್ರೋಟೀನು. ಫ್ಲುಆಕ್ಸೆಟಿನ್ ಮುಂತಾದ ಖಿನ್ನತೆಯ ಔಷಧಗಳು ತಡೆಯುವುದು ಇದನ್ನೇ. ಗಮನಾರ್ಹ ಸಂಗತಿಯೆಂದರೆ, ಟಿಪಿಎಚ್2 ತೆಗೆದುಹಾಕಿದ ಇಲಿಗಳಲ್ಲಿ ಮೆದುಳಿನ ಸೆರಟೋನಿನ್ ಬಹುತೇಕ ಇಲ್ಲವಾದರೂ ರಾಫೆಯ ಕೋಶಗಳು ತಮ್ಮ ಸ್ಥಾನದಲ್ಲಿ ರೂಪುಗೊಂಡಿರುತ್ತವೆ. ಅಂದರೆ ಸೆರಟೋನಿನ್ ಕೋಶ ಹುಟ್ಟಲು ಸೆರಟೋನಿನ್ನೇ ಬೇಕೆಂದಿಲ್ಲ.

ಪೆಟ್-1

ಪೆಟ್-1 ಮೆದುಳಿನಲ್ಲಿ ಬಹುಮಟ್ಟಿಗೆ ಸೆರಟೋನಿನ್ ಕೋಶಗಳಲ್ಲಿ ಮಾತ್ರ ಕಂಡುಬರುವ ನಿಯಂತ್ರಕ. ಭ್ರೂಣದಲ್ಲಿ ಸೆರಟೋನಿನ್ ಕಾಣಿಸಿಕೊಳ್ಳುವುದಕ್ಕೆ ತುಸು ಮೊದಲು ಇದು ಕಾಣಿಸಿಕೊಳ್ಳುತ್ತದೆ. ಮಾನವನಲ್ಲಿ ಇದಕ್ಕೆ ಸಮನಾದ ಜೀನು ಎಫ್‌ಇವಿ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಇವಾನ್ ಡೆನೆರಿಸ್ ಅವರ ತಂಡ 2003ರಲ್ಲಿ ಪೆಟ್-1 ಇಲ್ಲದ ಇಲಿಗಳನ್ನು ವಿವರಿಸಿತು. ಅವುಗಳಲ್ಲಿ ಸುಮಾರು ಶೇಕಡ 70ರಷ್ಟು ಸೆರಟೋನಿನ್ ಕೋಶಗಳು ಪೂರ್ಣವಾಗಿ ರೂಪುಗೊಳ್ಳಲಿಲ್ಲ. ಬೆಳೆದ ಇಲಿಗಳಲ್ಲಿ ಆತಂಕ ಮತ್ತು ಆಕ್ರಮಣಶೀಲತೆ ಹೆಚ್ಚಿದ್ದವು. ಅದೇ ತಂಡದ 2008ರ ಅಧ್ಯಯನ ಇನ್ನೂ ಮನಕರಗಿಸುವಂಥದು: ಇಂಥ ತಾಯಿ ಇಲಿಗಳು ಸರಿಯಾಗಿ ಗೂಡು ಕಟ್ಟದೆ, ಮರಿಗಳನ್ನು ಒಟ್ಟುಗೂಡಿಸಿ ಬೆಚ್ಚಗಿಡದೆ ಹೋದುದರಿಂದ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತವು.

ಪೆಟ್-1ರ ಕೆಲಸ ಭ್ರೂಣಾವಸ್ಥೆಯಲ್ಲಿ ಮುಗಿಯುವುದಿಲ್ಲ. ಬೆಳೆದ ಇಲಿಯಲ್ಲಿ ಅದನ್ನು ತೆಗೆದರೂ ಟಿಪಿಎಚ್2 ಮತ್ತು ಸರ್ಟ್ ಕುಗ್ಗಿ ಆತಂಕದ ನಡವಳಿಕೆ ಕಾಣಿಸಿಕೊಳ್ಳುತ್ತದೆ ಎಂದು 2010ರಲ್ಲಿ ತಿಳಿದುಬಂತು.

ತಾಯಿಯ ಪಾತ್ರ

ಕೋಶಗಳು ಹುಟ್ಟಿದ ಮಾತ್ರಕ್ಕೆ ಅವುಗಳ ತಂತುಗಳು ಮುಮ್ಮೆದುಳನ್ನು ತಲುಪುವುದಿಲ್ಲ, ಅದಕ್ಕೆ ಕಾಲ ಹಿಡಿಯುತ್ತದೆ. ಆ ನಡುವಿನ ಅವಧಿಯಲ್ಲಿ ಮುಮ್ಮೆದುಳಿಗೆ ಸೆರಟೋನಿನ್ ಒದಗಿಸುವುದು ಮಾಸು. ಇಲಿಯ ಮಾಸು ತಾಯಿಯ ರಕ್ತದ ಟ್ರಿಪ್ಟೊಫಾನ್‌ನಿಂದ ತಾನೇ ಸೆರಟೋನಿನ್ ತಯಾರಿಸುತ್ತದೆ ಎಂದು ಅಲೆಕ್ಸಾಂಡರ್ ಬೊನ್ನಿನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ತಾಯಿಯ ಸೋಂಕು, ಪೋಷಣೆ ಮತ್ತು ಔಷಧ ಸೇವನೆಗಳು ಮಗುವಿನ ಮೆದುಳನ್ನು ಹೇಗೆ ತಟ್ಟುತ್ತವೆ ಎಂಬ ಸಂಶೋಧನೆಗೆ ಇದು ಹೊಸ ದಾರಿ ತೆರೆಯಿತು.

ಉಸಿರಾಟ ಮತ್ತು ಶಿಶುಮರಣ

ಎಲ್‌ಎಂಎಕ್ಸ್1ಬಿ ಜೀನನ್ನು ಸೆರಟೋನಿನ್ ಕೋಶಗಳಲ್ಲಿ ಮಾತ್ರ ತೆಗೆದುಹಾಕಿದ ಇಲಿಗಳಲ್ಲಿ ಮೆದುಳಿನ ಈ ಕೋಶಗಳು ಬಹುತೇಕ ಇರುವುದಿಲ್ಲ. ಅವು ಬದುಕಿ ಬೆಳೆಯಬಲ್ಲವೆಂಬುದೇ ಮೊದಲು ಅಚ್ಚರಿ ಮೂಡಿಸಿತು. ಆದರೆ ಸೂಕ್ಷ್ಮವಾಗಿ ನೋಡಿದಾಗ ಕೊರತೆಗಳು ಗೋಚರಿಸಿದವು. ಎಳೆಯ ಮರಿಗಳಲ್ಲಿ ಉಸಿರು ಆಗಾಗ ನಿಂತುಹೋಗುತ್ತಿತ್ತು. ಹಲವು ಮರಿಗಳು ಉಳಿಯಲಿಲ್ಲ. ಬೆಳೆದವು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಸಾಕಷ್ಟು ವೇಗವಾಗಿ ಉಸಿರಾಡಲಿಲ್ಲ, ಚಳಿಯಲ್ಲಿ ದೇಹದ ಬಿಸಿಯನ್ನು ಕಾಯ್ದುಕೊಳ್ಳಲಿಲ್ಲ.

ನಿದ್ರೆಯಲ್ಲಿ ಹಠಾತ್ತಾಗಿ ತೀರಿಕೊಂಡ ಮಾನವ ಶಿಶುಗಳ ಮೆಡುಲ್ಲಾದಲ್ಲಿ ಸೆರಟೋನಿನ್ ವ್ಯವಸ್ಥೆಯ ದೋಷಗಳನ್ನು ಬಾಸ್ಟನ್‌ನ ಹ್ಯಾನಾ ಕಿನ್ನಿ ಮತ್ತು ಅವರ ಸಹೋದ್ಯೋಗಿಗಳು ವರದಿ ಮಾಡಿದ್ದಾರೆ. ಕವುಚಿ ಮಲಗಿದ ಶಿಶು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಸೇದುವಾಗ ಎಚ್ಚರಗೊಳ್ಳಲು ಈ ಕೋಶಗಳು ನೆರವಾಗುತ್ತವೆ ಎಂಬುದು ಒಂದು ವಿವರಣೆ. ಎಲ್ಲ ಪ್ರಕರಣಗಳಿಗೂ ಇದೊಂದೇ ಕಾರಣವೆಂದು ಹೇಳಲಾಗದು. ಶಿಶುಗಳನ್ನು ಬೆನ್ನ ಮೇಲೆ ಮಲಗಿಸಬೇಕೆಂಬ ವೈದ್ಯರ ಸಲಹೆ ಈ ಸಂಶೋಧನೆಗೂ ಮೊದಲಿನದು. ಇಲಿಗಳ ಅಧ್ಯಯನವು ಅದಕ್ಕೆ ಜೈವಿಕ ಆಧಾರವನ್ನು ಒದಗಿಸುತ್ತದೆ.

ಮಾನವ ಭ್ರೂಣದಲ್ಲಿ ಸೆರಟೋನಿನ್ ನರಕೋಶಗಳು ಸುಮಾರು ಐದನೆಯ ವಾರದಲ್ಲಿ ಕಾಣಿಸಿಕೊಳ್ಳುತ್ತವೆ. ಇಲಿಯಲ್ಲಿ ಕಂಡುಕೊಂಡ ಸಂಕೇತಗಳ ಅನುಕ್ರಮವನ್ನು ಆಧರಿಸಿ, ಮಾನವ ಕಾಂಡಕೋಶಗಳಿಂದ ಪ್ರಯೋಗಾಲಯದಲ್ಲಿ ಸೆರಟೋನಿನ್ ನರಕೋಶಗಳನ್ನು ಬೆಳೆಸುವ ವಿಧಾನಗಳು 2016ರಲ್ಲಿ ಪ್ರಕಟವಾದವು. ಇಂಥ ಕೋಶಗಳ ಮೇಲೆ ಔಷಧಗಳ ಪರಿಣಾಮವನ್ನು ನೇರವಾಗಿ ಪರೀಕ್ಷಿಸಬಹುದಾಗಿದೆ.