ರಾಯಿಕೋಡಿನಿಂದ ಸಮ್ಮೇಳನಕ್ಕೆ

ಕನ್ನಡ ವಿದ್ವತ್ಸಭೆಗಳ ಚರಿತ್ರೆ ಬರೆದವರು ಅಧ್ಯಕ್ಷಭಾಷಣಗಳನ್ನು ಚರ್ಚಿಸಿದಷ್ಟು ಸಭೆ ಸೇರಿದ ಊರುಗಳನ್ನು ಚರ್ಚಿಸಿಲ್ಲ. ಯಾರು ಬರಬಲ್ಲರು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸಿದ್ದು ಊರೇ. 1915ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಾಹಿತ್ಯ ಸಮ್ಮೇಳನವು 1928ರಲ್ಲಿ ಬಿ.ಎಂ.ಶ್ರೀ. ಅವರ ಅಧ್ಯಕ್ಷತೆಯಲ್ಲಿ ಕಲಬುರ್ಗಿಗೆ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿಗೆ, 1941ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಹೈದರಾಬಾದಿಗೆ ಬಂದಿತು. ಆಡಳಿತವೂ ಉಚ್ಚಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದ ಸಂಸ್ಥಾನದಲ್ಲಿ ಇದು ಸಣ್ಣ ಸಂಗತಿಯಲ್ಲ.

ತಾಂಡೂರು ಆಗ ಕಲಬುರ್ಗಿ ಜಿಲ್ಲೆಯ ತಾಲ್ಲೂಕು. 1874ರ ವಾಡಿ–ಸಿಕಂದರಾಬಾದ್ ರೈಲುಮಾರ್ಗ ಆ ಊರನ್ನು ಹಾದುಹೋಗುತ್ತಿತ್ತು. ಅಲ್ಲಿಯ ಕನ್ನಡ ಉಪಾಧ್ಯಾಯನಿಗೆ 1928ರ ಸಭೆ ತನ್ನ ಜಿಲ್ಲಾಕೇಂದ್ರದಲ್ಲೇ ನಡೆದ ಸಭೆ. 1941ರದು ಅದೇ ಹಳಿಯ ಮತ್ತೊಂದು ದಿಕ್ಕಿನಲ್ಲಿ ನಡೆದದ್ದು. ರೈಲಿಲ್ಲದ ನಾರಾಯಣಖೇಡದವನಿಗೆ ಈ ಸೌಕರ್ಯವಿರಲಿಲ್ಲ.

1956ರ ನವೆಂಬರ್ 1ರಂದು ತಾಂಡೂರು, ಕೊಡಂಗಲ್, ನಾರಾಯಣಖೇಡ ಮತ್ತು ನಿರ್ಣಾ ವೃತ್ತದ ಹೊರತಾದ ಜಹೀರಾಬಾದ್ ಆಂಧ್ರಪ್ರದೇಶಕ್ಕೆ ಸೇರಿದವು. ಪಿ.ಬಿ. ದೇಸಾಯಿಯವರು ಸಂಪಾದಿಸಿದ, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಸಂಪುಟ 1958ರಲ್ಲಿ ಪ್ರಕಟವಾದಾಗ ಆ ರಾಜ್ಯವೇ ನಕ್ಷೆಯಲ್ಲಿರಲಿಲ್ಲ.

ಮೈಲಿಗಳೇನೂ ಹೆಚ್ಚಲಿಲ್ಲ. ಜಹೀರಾಬಾದಿನಿಂದ ಬೀದರಿಗೆ ಅಂದೂ ಇಂದೂ ಸುಮಾರು 30 ಕಿಲೋಮೀಟರು. ಹೆಚ್ಚಿದ್ದು ಕಾಗದಪತ್ರದ ದೂರ. 1985ರಲ್ಲಿ ಹಾ.ಮಾ. ನಾಯಕರ ಅಧ್ಯಕ್ಷತೆಯ ಸಮ್ಮೇಳನ ಬೀದರಿನಲ್ಲೇ ಸೇರಿತು. ಆದರೆ ಕರ್ನಾಟಕ ಸರ್ಕಾರ ತನ್ನ ನೌಕರರಿಗೆ ನೀಡುವ ಅನ್ಯಕಾರ್ಯ ನಿಮಿತ್ತ ರಜೆಯ ಆದೇಶ ಗಡಿಯಾಚೆಯ ಶಿಕ್ಷಕನಿಗೆ ಅನ್ವಯಿಸದು. ನೆರೆಯೂರಿನ ಸಭೆಗೆ ಆತ ಸ್ವಂತ ರಜೆಯಲ್ಲಿ, ಸ್ವಂತ ಖರ್ಚಿನಲ್ಲಿ ಬರಬೇಕು. ಬೆಂಗಳೂರಿನ ವಿಚಾರಸಂಕಿರಣವಾದರಂತೂ 600 ಕಿಲೋಮೀಟರಿಗೂ ಮಿಕ್ಕ ಪ್ರಯಾಣ. ಗಡಿನಾಡಿನ ಕನ್ನಡವೇ ಅಲ್ಲಿಯ ಚರ್ಚಾವಿಷಯವಾಗಿದ್ದರೂ ಸರಿಯೆ.

2020ರ ಮಹಾಮಾರಿಯ ಬಳಿಕ ಅಂತರ್ಜಾಲ ಗೋಷ್ಠಿಗಳು ವಾಡಿಕೆಯಾದವು. ಇವು ರಾಯಿಕೋಡಿನ ಸಂಶೋಧಕನಿಗೆ ಕಿವಿ ಕೊಟ್ಟವು, ಬಾಯಿಯನ್ನು ಅಷ್ಟಾಗಿ ಕೊಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ತೆರೆಯ ಮೇಲಿನವನಿಗೆ ಪ್ರಶ್ನೆ ಕೇಳುವ ಸರದಿ ಕೊನೆಗೆ ಬರುತ್ತದೆ. ಊಟದ ಪಂಕ್ತಿಯಲ್ಲಿ ಕುದುರುವ ಪರಿಚಯ, ಸಿಗುವ ಹಸ್ತಪ್ರತಿಯ ಸುಳಿವು ಅವನಿಗೆ ದಕ್ಕುವುದಿಲ್ಲ. ಪ್ರಬಂಧಗಳನ್ನು ಮುಂಚಿತವಾಗಿ ಮುದ್ರಿಸಿ ಹಂಚುವುದು, ಬರಲಾಗದವರ ಪ್ರಬಂಧವನ್ನು ಇನ್ನೊಬ್ಬರು ಓದುವುದು ಹಳೆಯ ಉಪಾಯಗಳು, ಅಗ್ಗದವೂ ಹೌದು. ಸಭೆಯನ್ನೇ ಸಾಗಿಸುವ ಉಪಾಯ ಅದಕ್ಕಿಂತ ಹಳೆಯದು. 1941ರಲ್ಲಿ ಹೈದರಾಬಾದಿಗೆ ಬಂದದ್ದು ಇಂದು ಜಹೀರಾಬಾದಿನ ಒಂದು ಕಾಲೇಜಿಗೆ ಎರಡು ದಿನದ ಮಟ್ಟಿಗೆ ಬರಬಹುದು. ಹೈದರಾಬಾದ್, ಬೀದರ್, ಕಲಬುರ್ಗಿಗಳಿಂದ ಅಲ್ಲಿಗೆ ನೇರ ಬಸ್ಸುಗಳಿವೆ.